ಅಲೋಶಿಯಸ್ ಚಾಪೆಲ್ ನೋಡೋಕೆ ಹೋಗ್ತೀರಾ? ಮುಖ ಬಿಟ್ಟು ಮೊದ್ಲು ಕೈ ನೋಡಿ

ಹೋದ ತಿಂಗಳು ಅಮ್ಮನ್ನ ಕರ್ಕೊಂಡು ಮಂಗಳೂರಿಗೆ ಹೋಗಿದ್ವಿ. ಬಾವುಟಗುಡ್ಡೆ ಮೇಲಿರೋ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್, ಅಂದ್ರೆ ಕಾಲೇಜಿನದೇ ಚರ್ಚ್, ನೋಡ್ಬೇಕು ಅಂತ ನಂಗೆ ತುಂಬಾ ದಿನದಿಂದ ಇತ್ತು. ಮೊದ್ಲು ನನ್ನ ದಡ್ಡತನ ಹೇಳ್ಬಿಡ್ತೀನಿ, ಭಾನುವಾರ ಬೆಳಗ್ಗೆ ಹೋದೆ, ಒಳಗೆ ಬಲಿಪೂಜೆ (ಚರ್ಚಿನ ಮಾಸ್) ನಡೀತಿತ್ತು, ಆ ಸೆಕೆಯಲ್ಲಿ ಬೆವರು ಒರೆಸ್ಕೊಂಡು ಹೊರಗೆ ಕಾದಿದ್ದಾಯ್ತು, ಅಮ್ಮನ ಹತ್ರ ಬೈಸ್ಕೊಂಡಿದ್ದೂ ಆಯ್ತು. ವಾರದ ದಿನ ಹೋಗಿ, ಮುಂಚೆ ಟೈಮ್ ವಿಚಾರಿಸ್ಕೊಂಡು ಹೋಗಿ. ಹಂಪನಕಟ್ಟೆಯಿಂದ ನಡ್ಕೊಂಡೇ ಹೋಗ್ಬಹುದು, ಆದ್ರೆ ಏರು ಇದೆ, ವಯಸ್ಸಾದವ್ರಿದ್ರೆ ಆಟೋ ಹಿಡೀರಿ.

ಒಳಗೆ ಫೋಟೋ ತೆಗೆಯೋ ಹಾಗಿಲ್ಲ. ಒಂದು ಲೆಕ್ಕದಲ್ಲಿ ಒಳ್ಳೇದೇ ಆಯ್ತು, ಇಲ್ಲಾಂದ್ರೆ ನಾನು ಸೆಲ್ಫಿ ತಗೊಂಡು ಹತ್ತು ನಿಮಿಷಕ್ಕೆ ಹೊರಗೆ ಬಂದಿರ್ತಿದ್ದೆ.

ಒಳಗಿನ ಚಿತ್ರಗಳನ್ನೆಲ್ಲಾ ಬಿಡಿಸಿದ್ದು ಆಂಟೋನಿಯೋ ಮೊಸ್ಕೇನಿ ಅಂತ, ಇಟಲಿಯ ಬೆರ್ಗಾಮೋ ಹತ್ರದವ್ರು, 1854ರಲ್ಲಿ ಹುಟ್ಟಿದ್ದು. ಚಿತ್ರಕಲೆ ಓದಿ ಆಮೇಲೆ ಜೆಸ್ವಿತ್ (ಯೇಸು ಸಭೆ ಅನ್ನೋ ಕ್ಯಾಥೊಲಿಕ್ ಸನ್ಯಾಸಿ ಸಂಘ) ಬ್ರದರ್ ಆಗಿ ಮಂಗಳೂರಿಗೆ ಬಂದು, 1899ರಿಂದ 1901ರ ಒಳಗೆ ಗೋಡೆ, ಕಮಾನು, ಛಾವಣಿ ಎಲ್ಲಾ ತುಂಬಿಸ್ಬಿಟ್ರು. 1905ರಲ್ಲಿ ಕೊಚ್ಚಿಯಲ್ಲಿ ತೀರ್ಕೊಂಡ್ರು. ಗೋಡೆ ಮೇಲಿರೋದು ಫ್ರೆಸ್ಕೋ, ಅಂದ್ರೆ ಸುಣ್ಣದ ಗಾರೆ ಹಸಿ ಇರೋವಾಗ್ಲೇ ಬಣ್ಣ ಹಾಕ್ಬೇಕು, ಗಾರೆ ಗಟ್ಟಿಯಾಗ್ತಾ ಬಣ್ಣನೂ ತನ್ನೊಳಗೆ ಹಿಡ್ಕೊಂಡುಬಿಡುತ್ತೆ, ತಪ್ಪಾಯ್ತು ಅಂದ್ರೆ ಗಾರೆ ಕೆತ್ತಿ ಮತ್ತೆ ಮೆತ್ತೋದೇ ಗತಿ. ಛಾವಣಿದು ಕ್ಯಾನ್ವಾಸ್ ಮೇಲೆ ಎಣ್ಣೆಬಣ್ಣ. ಕರಾವಳಿ ಮಳೆಗೆ ನಮ್ಮ ಮನೆ ಬಣ್ಣ ಎರಡು ವರ್ಷ ತಡ್ಯಲ್ಲ, ಇದು ನೂರು ವರ್ಷ ದಾಟಿದೆ, 1990ರ ದಶಕದಲ್ಲಿ ಹಳೇ ಕಟ್ಟಡ, ಕಲೆ ಉಳಿಸೋ ಸಂಸ್ಥೆ ಇಂಟ್ಯಾಕ್‌ನವ್ರು ರಿಪೇರಿನೂ ಮಾಡಿದ್ರು. ಕೆಲವು ಕಡೆ ಉಬ್ಬು ಕೆತ್ತನೆ ಅಂದ್ಕೊಂಡು ಹತ್ತಿರ ಹೋದ್ರೆ ಬರೀ ಬಣ್ಣ, ನೆರಳು ಬೆಳಕಿನ ಆಟ ಅಷ್ಟೇ.

ಈಗ ಮುಖ್ಯ ವಿಷ್ಯ. ಗಡ್ಡ, ನಿಲುವಂಗಿ ನೋಡ್ತಾ ಹೋದ್ರೆ ಎಲ್ಲಾ ಸಂತರೂ ಒಂದೇ ಥರ ಕಾಣ್ತಾರೆ, ಕೈ ನೋಡಿ. ಇದನ್ನ ನಂಗೆ ಹೇಳ್ಕೊಟ್ಟಿದ್ದು ನಮ್ಮಮ್ಮ, ಅವ್ರಿಗೆ ಕ್ರಿಶ್ಚಿಯನ್ ಆರ್ಟ್ ಅಂದ್ರೆ ಏನೂ ಗೊತ್ತಿಲ್ಲ! ಒಬ್ಬರನ್ನ ತೋರಿಸಿ "ಇವ್ರ ಕೈಲಿ ಯಾಕೆ ಬೀಗದ ಕೈ?" ಅಂದ್ರು. ಅದು ಯೇಸುವಿನ ಶಿಷ್ಯ ಪೇತ್ರ, ಸ್ವರ್ಗದ ರಾಜ್ಯದ ಬೀಗದ ಕೈ ನಿಂಗೆ ಕೊಡ್ತೀನಿ ಅಂತ ಯೇಸು ಹೇಳಿದ್ದು ಅಂದೆ. "ಹಾಗಾದ್ರೆ ಮನೆ ಯಜಮಾನಿಕೆ ಇವ್ರ ಕೈಲಿ" ಅಂತ ಒಂದೇ ಮಾತಲ್ಲಿ ಮುಗಿಸಿದ್ರು. ಗದೆ ಕಂಡ್ರೆ ಹನುಮಂತ, ಕೊಳಲು ಕಂಡ್ರೆ ಕೃಷ್ಣ ಅನ್ನೋ ಕಣ್ಣು ನಮಗೆ ಹುಟ್ಟಿನಿಂದ್ಲೇ ಇದೆಯಲ್ಲ, ಅದೇ ಇಲ್ಲೂ ಸಾಕು. ಈ ಕಲೆಯಲ್ಲಿ ಸಂತ ಪೌಲನಿಗೆ ಕತ್ತಿ, ಸಂತ ಅಂದ್ರೆಯನಿಗೆ (ಆಂಡ್ರ್ಯೂ) X ಥರದ ಓರೆ ಶಿಲುಬೆ, ಪಾರಿವಾಳ ಅಂದ್ರೆ ಪವಿತ್ರಾತ್ಮ, ಲಿಲ್ಲಿ ಹೂ ಅಂದ್ರೆ ಪರಿಶುದ್ಧತೆ. ಇಷ್ಟು ನೆನಪಿಟ್ಕೊಂಡು ಹೋಗಿ, ಗೈಡ್ ಬೇಕಿಲ್ಲ.

ಛಾವಣಿಯ ನಡುಸಾಲಲ್ಲಿ ಅಲೋಶಿಯಸ್ ಗೊಂಜಾಗರ ಜೀವನ ಇದೆ. ದೊಡ್ಡ ಮನೆತನದ ಹಿರಿಮಗ, ಪಟ್ಟ ತಮ್ಮನಿಗೆ ಬಿಟ್ಕೊಟ್ಟು ಜೆಸ್ವಿತ್ ಆದ್ರು, ರೋಮಲ್ಲಿ ಪ್ಲೇಗ್ ರೋಗಿಗಳ ಸೇವೆ ಮಾಡ್ತಾ ಅದೇ ರೋಗ ಅಂಟಿ 1591ರಲ್ಲಿ, ಬರೀ 23 ವರ್ಷಕ್ಕೆ ಹೋಗ್ಬಿಟ್ರು. ಪ್ಲೇಗ್ ಚಿತ್ರದ ಕೆಳಗೆ ನಾವು ಜಾಸ್ತಿ ಹೊತ್ತು ನಿಂತ್ವಿ. "ಕಾಯಿಲೆಯವ್ರನ್ನೂ ಇಷ್ಟು ಚೆಂದ ಯಾಕೆ ಬಿಡಿಸ್ಬೇಕು?" ಅಂದ್ರು ಅಮ್ಮ. ನಾನು ಗೋಡೆ ಮೇಲಿನ ಶಿಲುಬೆ ಕಡೆ ತೋರಿಸಿದೆ, ಅದೂ ಒಂದು ಕಾಲದಲ್ಲಿ ಅಪರಾಧಿಗಳನ್ನ ಕೊಲ್ಲೋ ಮರವೇ ಆಗಿತ್ತಲ್ಲ. ಈ ಚಿತ್ರಗಳ ಪ್ರಕಾರ ಚೆಂದ ಇರೋದು ಮೈಯಲ್ಲಲ್ಲ, ಒಬ್ಬ ಇನ್ನೊಬ್ಬನಿಗೋಸ್ಕರ ತನ್ನನ್ನ ಕೊಟ್ಕೊಳ್ಳೋದ್ರಲ್ಲಿ, ನಂಗೆ ಅನ್ಸಿದ್ದು ಹಾಗೆ. ಅಮ್ಮ ಒಪ್ಪಿದ್ರೋ ಇಲ್ವೋ, ಮತ್ತೆ ಮೇಲೆ ನೋಡಿದ್ರು.

ಕತ್ತು ನೋವು ಗ್ಯಾರಂಟಿ. ಮಧ್ಯೆ ಮಧ್ಯೆ ಬೆಂಚಲ್ಲಿ ಕೂತು ನೋಡಿ, ಚಿಕ್ಕ ಬೈನಾಕ್ಯುಲರ್ ಇದ್ರೆ ತಗೊಂಡೋಗಿ, ಒಂದು ಗಂಟೆನಾದ್ರೂ ಇಟ್ಕೊಳ್ಳಿ. ಹಂಪನಕಟ್ಟೆಯ ಮಿಲಾಗ್ರಿಸ್, ರೊಸಾರಿಯೋ ಚರ್ಚುಗಳು ಹತ್ತಿರಾನೇ ಇವೆ, ನಾವು ಬೇಗ ಮುಗಿಸಿದ್ವಿ, ಹಸಿವಾಗಿತ್ತು.

ಮಾರನೇ ದಿನ ಕಾರ್ಕಳ ಹತ್ರದ ಅತ್ತೂರಿಗೆ ಹೋದ್ವಿ, ಅದು ಉಡುಪಿ ಜಿಲ್ಲೆ, ಸಂತ ಲಾರೆನ್ಸರ ಬಸಿಲಿಕಾ. ಜನವರಿ ಜಾತ್ರೆ ಟೈಮಲ್ಲಿ ಕಾಲಿಡೋಕೂ ಜಾಗ ಇರಲ್ಲ, ಶಾಂತವಾಗಿ ನೋಡ್ಬೇಕು ಅಂದ್ರೆ ಬೇರೆ ತಿಂಗಳು ಹೋಗಿ. ಲಾರೆನ್ಸರ ಗುರುತು ಕಬ್ಬಿಣದ ಜಾಲರಿ, ಅದ್ರ ಮೇಲೆ ಮಲಗಿಸಿ ಬೆಂಕಿ ಹಾಕಿ ಸುಟ್ರು ಅಂತ ಕಥೆ. ಚರ್ಚಿನ ಸಂಪತ್ತು ತಗೊಂಡ್ ಬಾ ಅಂದ ರೋಮಿನ ಅಧಿಕಾರಿ ಮುಂದೆ ಬಡವ್ರನ್ನ, ಕುಂಟರನ್ನ ತಂದು ನಿಲ್ಲಿಸಿ, ಇವ್ರೇ ಆ ಸಂಪತ್ತು ಅಂದ್ರಂತೆ. ವಾಪಸ್ ಬಸ್ಸಲ್ಲಿ ಕಥೆ ಹೇಳಿದೆ, ಅಮ್ಮ ಜಾಲರಿ ಹೇಗಿರುತ್ತೆ ಅಂತ ಎರಡು ಸಲ ಕೇಳಿ, ಆಮೇಲೆ ಮೂಡಬಿದ್ರೆ ದಾಟೋವರೆಗೂ ಮಾತೇ ಆಡ್ಲಿಲ್ಲ.