ಗಾಜಿನ ಮನೆಯಿಂದ ಹೊಂಡದವರೆಗೆ

ಕಳೆದ ಡಿಸೆಂಬರ್‌ನಲ್ಲಿ ದಾವಣಗೆರೆಯ ತಂಗಿಯ ಮನೆಗೆ ಹೋಗಿದ್ದಾಗ, ಅಲ್ಲಿನ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ಓದುತ್ತಿರುವ ಅವಳ ಮಗ ನನ್ನನ್ನು ಬೆಳಿಗ್ಗೆ ಗಾಜಿನ ಮನೆಗೂ ಅಲ್ಲಿಂದ ಸಂತೇಬೆನ್ನೂರಿಗೂ ಕರೆದುಕೊಂಡು ಹೋದ.

ಕುಂದವಾಡ ಕೆರೆಯ ಬಳಿ ಇರುವ ಈ ಗಾಜಿನ ಮನೆಗೆ ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ 1889ರಲ್ಲಿ ಶಂಕುಸ್ಥಾಪನೆಯಾದ ಗಾಜಿನ ಮನೆಯೇ ಮಾದರಿ. ಚಳಿಯ ದೇಶಗಳಲ್ಲಿ ಗಿಡಗಳಿಗಾಗಿ ಬಿಸಿಲನ್ನು ಹಿಡಿದಿಡಲು ಹುಟ್ಟಿಕೊಂಡ ಕಟ್ಟಡದ ಬಗೆಯೊಂದು, ಬಿಸಿಲಿಗೆ ಎಂದೂ ಬರವಿಲ್ಲದ ಬಯಲುಸೀಮೆಗೆ ಬಂದು ನಿಂತಿರುವುದು ನನಗೆ ತುಸು ವಿಚಿತ್ರವೆನಿಸಿತು. ಆದರೂ ಎಳೆಬಿಸಿಲಿನಲ್ಲಿ ಹೊಳೆಯುತ್ತಿದ್ದ ಕಮಾನುಗಳು, ಸುತ್ತಲ ಹೂವಿನ ಪಾತಿಗಳು ಚೆನ್ನಾಗಿಯೇ ಇದ್ದವು. ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಮಾತ್ರ ಪಕ್ಕದ ಕೆರೆ. ಭದ್ರಾ ನಾಲೆಯ ನೀರು ತುಂಬಿಕೊಂಡು ಊರಿಗೆ ಕುಡಿಯಲು ಕೊಡುವ ಆ ಕೆರೆಯ ದಂಡೆಯ ಮೇಲಿದ್ದ ತಂಪು, ಗಾಜಿನ ಕೆಳಗೆ ಇರಲಿಲ್ಲ. ಆಮೇಲೆ ತಿಂದ ಬೆಣ್ಣೆದೋಸೆಯ ವಿಷಯಕ್ಕೆ ಕೈಹಾಕಿದರೆ ಈ ಬರಹ ಸಂತೇಬೆನ್ನೂರು ತಲುಪುವುದಿಲ್ಲ.

ಚನ್ನಗಿರಿ ತಾಲ್ಲೂಕಿನ ಆ ಊರಿನ ಪುಷ್ಕರಣಿಯನ್ನು ಸುತ್ತಮುತ್ತಲಿನವರು ಹೊಂಡವೆಂದೇ ಕರೆಯುತ್ತಾರೆ. ಹದಿನಾರನೆಯ ಶತಮಾನದಲ್ಲಿ ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ ಈ ಕೊಳದ ನಾಲ್ಕೂ ಬದಿಗಳಲ್ಲಿ ಕಲ್ಲಿನ ಮೆಟ್ಟಿಲುಗಳು ನೀರಿಗಿಳಿಯುತ್ತವೆ. ಅಂಚಿನಲ್ಲಿ ಸಣ್ಣ ಮಂಟಪಗಳಿವೆ. ನಟ್ಟನಡುವೆ, ನೀರಿನಿಂದಲೇ ಎದ್ದು ಬಂದಂತೆ, ಅಂತಸ್ತು ಅಂತಸ್ತಾಗಿ ಮೇಲೇರುವ ವಸಂತಮಂಟಪವಿದೆ. ಹುಡುಗ ಮೆಟ್ಟಿಲ ಮೇಲೆ ಕುಳಿತು ಹಾಳೆ ಬಿಡಿಸಿದ. ಸ್ವಲ್ಪ ಹೊತ್ತಿನ ನಂತರ, "ದೊಡ್ಡಮ್ಮ, ಕೆಳಗಿನ ಕಮಾನು ನೋಡಿದ್ರೆ ವಿಜಾಪುರ ನೆನಪಾಗ್ತದೆ, ಮೇಲಕ್ಕೆ ಹೋದ್ರೆ ಗುಡಿ ಗೋಪುರ. ಎರಡನ್ನೂ ಹೊಲಿಗೆ ಕಾಣದ ಹಾಗೆ ಕೂಡಿಸ್ಯಾರೆ" ಎಂದ. ಅವನು ಹೇಳುವವರೆಗೂ ನಾನು ಒಟ್ಟು ಚೆಲುವನ್ನಷ್ಟೇ ನೋಡುತ್ತಿದ್ದೆ. ಆಮೇಲೆ ಒಂದೊಂದು ಕಮಾನಿನ ಅಂಚನ್ನೂ ಅಳೆದು ನೋಡತೊಡಗಿದೆ.

ಈ ಕೂಡಿಕೆಯ ಚೆಲುವಿನ ಪಕ್ಕದಲ್ಲೇ ಒಡಕಿನ ಚರಿತ್ರೆಯೂ ಇದೆ. ಹದಿನೇಳನೆಯ ಶತಮಾನದಲ್ಲಿ ವಿಜಾಪುರದ ಸೇನಾನಿ ರಣದುಲ್ಲಾ ಖಾನನ ದಾಳಿಗೆ ಇಲ್ಲಿನ ರಂಗನಾಥ ದೇವಾಲಯ ಸಿಕ್ಕಿತು. ಈಗ ಹೊಂಡದ ಪಕ್ಕದಲ್ಲಿ ನಿಂತಿರುವುದು ಮುಸಾಫಿರಖಾನೆ, ಅಂದರೆ ದಾರಿಹೋಕರ ತಂಗುಮನೆ. ಹೊಂಡ ಮತ್ತು ಮುಸಾಫಿರಖಾನೆ ಎರಡನ್ನೂ ಇಂದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಕಾಯುತ್ತಿದೆ.

ಹೂವಿನ ಒಂದು ಪಾತಿಯನ್ನೂ ಅವಲಂಬಿಸದ ಈ ಜಾಗವನ್ನು ನಾನು ಆ ದಿನ ಕಂಡ ಒಳ್ಳೆಯ ಉದ್ಯಾನವೆಂದೇ ಎಣಿಸುತ್ತೇನೆ. ಇಲ್ಲಿ ಕಟ್ಟಿದವನು ಬೆಳಕನ್ನಲ್ಲ, ನೀರನ್ನು ಹಿಡಿದಿಟ್ಟ. ಈ ಸೀಮೆಯಲ್ಲಿ ಕೊರತೆಯಿರುವುದು ನೀರಿಗೇ. ಇಳಿದಷ್ಟೂ ಕಲ್ಲು ತಣ್ಣಗಾಗುತ್ತಿತ್ತು, ಎಲ್ಲಿ ಕುಳಿತರೂ ಕಣ್ಣು ನಡುವಿನ ಮಂಟಪಕ್ಕೇ ಹೋಗುತ್ತಿತ್ತು.

ಹತ್ತಿರದ ಸೂಳೆಕೆರೆಗೂ ಹೋಗಬೇಕೆಂದುಕೊಂಡಿದ್ದೆವು. ಆದರೆ ನೆತ್ತಿಯ ಬಿಸಿಲಿನಲ್ಲಿ ಚಪ್ಪಟೆಯಾಗಿದ್ದ ಮೆಟ್ಟಿಲುಗಳು ಸಂಜೆಯ ಓರೆಬಿಸಿಲಿಗೆ ಒಂದೊಂದೇ ನೆರಳು ಚೆಲ್ಲಿ ಬೇರೆಬೇರೆಯಾಗಿ ಕಾಣತೊಡಗಿದ್ದರಿಂದ, ಹುಡುಗ ಮೊದಲಿನ ಚಿತ್ರವನ್ನು ಮಡಿಚಿಟ್ಟು ಹೊಸ ಹಾಳೆ ತೆಗೆದ. ನಾನು ಮುಸಾಫಿರಖಾನೆಯ ಕಡೆ ನಡೆದೆ.