ಮನೆಯವರು ಯಾರೂ ಇಲ್ಲವೇ?

‘ಪಾಪ, ಇವರಿಗೆಲ್ಲ ಮನೆಯವರು ಯಾರೂ ಇಲ್ಲವೇನೇ?’

ಅಮ್ಮ ಕೇಳಿದ ಈ ಪ್ರಶ್ನೆ ಇನ್ನೂ ನನ್ನ ಬೆನ್ನು ಬಿಟ್ಟಿಲ್ಲ. ಬೆಂಗಳೂರಿನ ಹನುಮಂತನಗರದಿಂದ ಬಂದು ನಮ್ಮ ಜೊತೆಗಿರುವ ಅವರು, ನಾನು ಶನಿವಾರ ತರಕಾರಿ ಹೆಚ್ಚಲು ಹೋಗುವ ಅಡುಗೆಮನೆಯನ್ನು ನೋಡಲೇಬೇಕೆಂದು ಹಟ ಹಿಡಿದಿದ್ದರು. ಸ್ಯಾನ್ ಫ್ರಾನ್ಸಿಸ್ಕೋದ ಪೋಕ್ ಬೀದಿಯಲ್ಲಿರುವ ಆ ಸಂಸ್ಥೆಯ ಹೆಸರು ಪ್ರಾಜೆಕ್ಟ್ ಓಪನ್ ಹ್ಯಾಂಡ್. ಏಡ್ಸ್ ತಗುಲಿದ ಸ್ನೇಹಿತರೊಬ್ಬರು ಅಡುಗೆ ಮಾಡಿಕೊಳ್ಳಲೂ ಆಗದೆ ಸೊರಗಿ ಹೋದುದನ್ನು ಕಂಡ ರೂತ್ ಬ್ರಿಂಕರ್ ಎಂಬ ಅಜ್ಜಿ, 1985ರಲ್ಲಿ ಏಳು ಜನರಿಗೆ ತಾವೇ ಬೇಯಿಸಿ ಹಂಚಲು ತೊಡಗಿದರು. ಆಗ ಈ ಸೋಂಕಿಗೆ ಔಷಧಿಯೇ ಇರಲಿಲ್ಲ; ಮೊದಲನೆಯದಕ್ಕೆ ಅನುಮತಿ ಸಿಕ್ಕಿದ್ದು 1987ರಲ್ಲಿ. ಈಗ ಬೇರೆ ಕಾಯಿಲೆಯವರಿಗೂ ವೃದ್ಧರಿಗೂ ಅಲ್ಲಿಂದ ಊಟ ಹೋಗುತ್ತದೆ.

ಅಮ್ಮ ಕ್ಯಾರೆಟ್ ಹೆಚ್ಚಿದರು. ಎದುರು ನಿಂತವರ ಹೋಳು ದಪ್ಪವಾಯಿತೆಂದು ಕನ್ನಡದಲ್ಲೇ ತಿದ್ದಿದರು. ಆ ಹಿರಿಯರೋ, ತಾವು ಎಚ್‌ಐವಿ ಸೋಂಕಿತರು, ಒಂದು ಕಾಲಕ್ಕೆ ತಮ್ಮ ಬಾಗಿಲಿಗೂ ಇಲ್ಲಿಂದಲೇ ಊಟ ಬರುತ್ತಿತ್ತು ಎಂದು, ಸಕ್ಕರೆ ಕಾಯಿಲೆಯ ಮಾತಾಡುವಷ್ಟೇ ಸಲೀಸಾಗಿ ಹೇಳಿದರು. ಅದನ್ನು ತಿಳಿಸಿದಾಗಲೇ ಅಮ್ಮನ ಪ್ರಶ್ನೆ ಬಂದದ್ದು. ಅದರಲ್ಲಿ ಕರುಣೆಯಿತ್ತು, ಒಂದಿಷ್ಟು ಹೆಮ್ಮೆಯೂ ಇತ್ತು. ನಮ್ಮಲ್ಲಾಗಿದ್ದರೆ ಹೀಗೆ ಪರರ ಕೈಯ ಅನ್ನಕ್ಕೆ ಕಾಯಬೇಕಿತ್ತೇ!

ನಮ್ಮಲ್ಲಿ ಮನೆಯವರು ಇದ್ದರು. ತಾತನ ವಠಾರದ ಕೊನೆಯ ಮನೆಯಲ್ಲಿ, ಪ್ರೆಸ್ಸಿನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬರಿಗೆ ತಾಯಿ, ತಮ್ಮಂದಿರು, ಹೆಂಡತಿ, ಮಗು ಎಲ್ಲರೂ ಇದ್ದರು. ಅವರಿಗೆ ಟಿಬಿ ಎಂದು ವಠಾರ ಜೋರಾಗಿ ಹೇಳುತ್ತಿತ್ತು, ಇನ್ನೊಂದನ್ನು ಪಿಸುಗುಟ್ಟುತ್ತಿತ್ತು. ಅವರ ತಟ್ಟೆ, ಲೋಟ ಬಚ್ಚಲ ಕಿಟಕಿಯಲ್ಲಿ ಬೇರೆಯೇ ಇರುತ್ತಿದ್ದವು. ಅವರು ತೀರಿಕೊಂಡ ಮೇಲೆ ಹೆಂಡತಿಯನ್ನೂ ಮಗುವನ್ನೂ ತವರಿಗೆ ಅಟ್ಟಿದ್ದು ಅದೇ ಮನೆಯವರು. ಉಳಿದವರನ್ನು ಖಾಲಿ ಮಾಡಿಸಿದ್ದು ನಮ್ಮ ತಾತ. ಸುಣ್ಣ ಹೊಡೆಸಿ, ಹೋಮ ಮಾಡಿಸಿ, ಬೇರೆಯವರಿಗೆ ಬಾಡಿಗೆಗೆ ಕೊಟ್ಟರು.

ಇದು ತೊಂಬತ್ತರ ದಶಕದ ಕೊನೆಯ ಮಾತು. 1993ರಿಂದಲೇ ಬೆಂಗಳೂರಿನಲ್ಲಿ ಸಂರಕ್ಷ ಎಂಬ ಸಂಸ್ಥೆ ಇಂಥವರ ನಡುವೆ ಕೆಲಸ ಮಾಡುತ್ತಿದ್ದುದು ನಮ್ಮ ವಠಾರಕ್ಕೆ ಗೊತ್ತಿರಲಿಲ್ಲ. ಮುಂದೆ ಸೋಂಕಿನೊಂದಿಗೆ ಬದುಕುವ ಕುಟುಂಬಗಳೇ ಸೇರಿ ‘ಮಿಲನ’ ಕಟ್ಟಿಕೊಂಡವು. ಸರ್ಕಾರ 2004ರಲ್ಲಿ, ಈ ವೈರಸ್ಸನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆಗಳನ್ನು ಉಚಿತವಾಗಿ ಕೊಡಲಾರಂಭಿಸಿತು. ಹೊರದೇಶದ ಅಡುಗೆಮನೆಯನ್ನು ಹೊಗಳುವ ಭರದಲ್ಲಿ ಇದನ್ನೆಲ್ಲ ನುಂಗಿಬಿಡುವ ಚಾಳಿ ನಮ್ಮಂಥ ಹೊರನಾಡಿಗರಿಗೆ ಇದ್ದೇ ಇದೆ.

ಬೆಂಗಳೂರಿನ ಇಂಥದೇ ಒಂದು ಸಂಘದಲ್ಲಿ ಆಪ್ತಸಮಾಲೋಚಕಿಯಾಗಿರುವ ಗೆಳತಿಗೆ ಫೋನ್ ಮಾಡಿದೆ. ಹೊಸಬರ ಜೊತೆ ಎಆರ್‌ಟಿ ಕೇಂದ್ರದ ಸರದಿಯಲ್ಲಿ ಕೂರುವುದು, ಮಾತ್ರೆ ನಿಲ್ಲಿಸಿದವರ ಮನೆ ಹುಡುಕುವುದು ಅವಳ ಕೆಲಸ. ಅಕ್ಕಪಕ್ಕದವರು ಕೇಳಿದರೆ ದೂರದ ನೆಂಟಳೆಂದು ಹೇಳಿಕೊಳ್ಳುತ್ತಾಳೆ. ಮಾತ್ರೆ ತಪ್ಪಿಸದೆ ನುಂಗಿ, ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಅಲ್ಲೇ ನಿಂತರೆ, ಲೈಂಗಿಕ ಸಂಪರ್ಕದಿಂದಲೂ ಸೋಂಕು ಹರಡುವುದಿಲ್ಲ. ತಟ್ಟೆ, ಲೋಟದಿಂದಂತೂ ಅದು ಎಂದೂ ಹರಡಿದ್ದಿಲ್ಲ. ಆದರೂ ಎಷ್ಟೋ ಜನ ಡಬ್ಬಿಯ ಮೇಲಿನ ಚೀಟಿ ಕಿತ್ತೇ ಮನೆಗೆ ಒಯ್ಯುತ್ತಾರಂತೆ.

‘ಊಟ ಕೊಡುವವರು ಸಿಗುತ್ತಾರೆ ಕಣೇ, ಬಾಡಿಗೆಗೆ ಮನೆ ಕೊಡುವವರು ಸಿಗುವುದಿಲ್ಲ’ ಎಂದಳು. ಸೋಂಕಿನ ಕಾರಣಕ್ಕೆ ಮನೆ ನಿರಾಕರಿಸಬಾರದೆಂದು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಹೇಳುತ್ತದೆ. 2018ರ ಸೆಪ್ಟೆಂಬರಿನಿಂದ ಅದು ಜಾರಿಯಲ್ಲಿದೆ. ಆದರೆ ಕಾಯ್ದೆ ಕೈಯಲ್ಲಿ ಹಿಡಿದು ಮನೆ ನೋಡಲು ಹೋಗುವವರು ಯಾರು?

ವಠಾರದ ಜಾಗದಲ್ಲೀಗ ಮೂರಂತಸ್ತಿನ ಕಟ್ಟಡವಿದೆ, ಅದರ ಮಾಲೀಕರು ಅಮ್ಮ. ಹಿಂಭಾಗದ ಸಣ್ಣ ಮನೆ ಯುಗಾದಿಯಿಂದ ಖಾಲಿ ಬಿದ್ದಿದೆ. ಗೆಳತಿಯ ಸಂಘದ ತಾಯಿ, ಮಗಳು ಮನೆ ಹುಡುಕುತ್ತಿದ್ದಾರೆ. ಹೇಳಲೇಬೇಕೆಂಬ ಕಟ್ಟುಪಾಡಿಲ್ಲದಿದ್ದರೂ, ಮುಚ್ಚಿಟ್ಟು ಬರಲು ಆ ತಾಯಿಗೆ ಇಷ್ಟವಿಲ್ಲವಂತೆ. ನಾನೂ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅಡ್ವಾನ್ಸ್ ಎಷ್ಟು, ಮಗಳು ಏನು ಓದುತ್ತಿದ್ದಾಳೆ ಎಂದೆಲ್ಲ ವಿಚಾರಿಸಿದರು.

‘ಸರಿ, ಬಂದು ನೋಡಲಿ. ಸಸ್ಯಾಹಾರಿಗಳು ತಾನೇ?’