ಎದುರುಬದುರು ಕುಳಿತ ಬೇಸಿಗೆ

ಕಳೆದ ಭಾನುವಾರ ಮಗಳ ಸಂಸಾರವೂ ಊರಿಗೆ ಹೊರಟಿತು. ಹೊದಿಕೆಗಳನ್ನೆಲ್ಲ ಒಗೆದು ಒಣಗಿಸಿ, ಹೆಚ್ಚುವರಿ ಹಾಸಿಗೆಗಳನ್ನು ಸುತ್ತಿಟ್ಟ ಮೇಲೆ ಈ ಬೇಸಿಗೆಯ ಬಗ್ಗೆ ಬರೆಯುವ ಬಿಡುವು ದೊರೆತಿದೆ. ನನಗೀಗ 72 ವರ್ಷ. ಮೊದಲ ಐದು ವಾರಗಳಲ್ಲಿ ಮೂವರು ಗೆಳತಿಯರ ಮನೆಗಳಿಗೆ ಹೋಗಿ ಬಂದೆ. ಆಮೇಲಿನ ನಾಲ್ಕು ವಾರ ಮಗ, ಸೊಸೆ, ಮಗಳು, ಅಳಿಯ ಮತ್ತು ಐವರು ಮೊಮ್ಮಕ್ಕಳು ನನ್ನ ಮನೆಯಲ್ಲಿದ್ದರು. ಇವೆರಡೂ ಬೇರೆ ಬೇರೆ ಕೆಲಸಗಳೆಂದು ತಿಳಿದೇ ನಾನು ಹೊರಟಿದ್ದೆ. ಆದರೆ ಗೆಳತಿಯರ ಮನೆಯಲ್ಲಿ ಅರ್ಥವಾದ ಸಂಗತಿಗಳಿಲ್ಲದೆ ಹೋಗಿದ್ದರೆ, ತುಂಬಿದ ನನ್ನ ಮನೆಯಲ್ಲಿ ನಾನು ಯಾರೊಡನೆಯೂ ಸರಿಯಾಗಿ ಮಾತನಾಡದೆಯೇ ಆ ನಾಲ್ಕು ವಾರಗಳನ್ನು ಕಳೆದುಬಿಡುತ್ತಿದ್ದೆ.

ಮೊದಲು ಹೋದದ್ದು ಕಾಲೇಜಿನ ದಿನಗಳಿಂದಲೂ ನನಗೆ ಹತ್ತಿರವಾಗಿರುವ ಗೆಳತಿಯ ಮನೆಗೆ. ಎರಡು ವರ್ಷಗಳಿಂದ ಅವಳ ದೂರವಾಣಿ ಕರೆಗಳು ಚಿಕ್ಕದಾಗುತ್ತಾ ಬಂದಿದ್ದವು. ನಾನು ಹೇಳಿದ್ದಕ್ಕೆ ಅವಳು ಕೊಡುತ್ತಿದ್ದ ಉತ್ತರ ಎಲ್ಲಿಂದಲೋ ಬಂದಂತೆ ಇರುತ್ತಿತ್ತು. ಅವಳಿಗೆ ನನ್ನಲ್ಲಿ ಆಸಕ್ತಿ ಕಡಿಮೆಯಾಗಿದೆಯೆಂದು ನಾನು ಮನಸ್ಸಿನಲ್ಲೇ ನೊಂದುಕೊಂಡಿದ್ದೆ. ಅವಳ ಮನೆಯ ಜಗಲಿಯಲ್ಲಿ ಅರ್ಧ ಗಂಟೆ ಕುಳಿತ ಮೇಲೆ ಗೊತ್ತಾಯಿತು: ಅವಳಿಗೆ ಕಿವಿ ಮಂದವಾಗಿತ್ತು. ವಯಸ್ಸಿನೊಡನೆ ಬರುವ ಈ ತೊಂದರೆಯಲ್ಲಿ ಮೊದಲು ಕಳೆದುಹೋಗುವುದು ಹೆಚ್ಚಿನ ಕಂಪನಾಂಕದ, ಅಂದರೆ ಕೀಚಲಾದ, ಧ್ವನಿಗಳು. ಸ್ವರಗಳು ಕಿವಿಗೆ ಬೀಳುತ್ತವೆ, ವ್ಯಂಜನಗಳು ಮಸುಕಾಗುತ್ತವೆ. ಹಾಗಾಗಿ ಯಾರೋ ಮಾತನಾಡುತ್ತಿರುವುದು ಕೇಳಿಸುತ್ತದೆ, ಏನು ಹೇಳಿದರೆಂಬುದು ತಿಳಿಯುವುದಿಲ್ಲ. ‘ಸಾಲು’, ‘ಕಾಲು’, ‘ಪಾಲು’ ಎಲ್ಲವೂ ಒಂದೇ ಬಗೆಯಾಗಿ ಕೇಳುತ್ತವೆಂದು ಅವಳೇ ಹೇಳಿದಳು. ಮನೆಯವರು ಪ್ರೀತಿಯಿಂದಲೇ ಗಟ್ಟಿಯಾಗಿ ಕೂಗಿ ಮಾತನಾಡುತ್ತಿದ್ದರು. ಆದರೆ ಕೂಗಿದಾಗ ಸ್ವರಗಳೇ ಮತ್ತಷ್ಟು ದೊಡ್ಡದಾಗಿ ವ್ಯಂಜನಗಳನ್ನು ನುಂಗಿಬಿಡುತ್ತವೆ. ಬೆಳಕು ನನ್ನ ಮುಖದ ಮೇಲೆ ಬೀಳುವಂತೆ ಕುರ್ಚಿ ತಿರುಗಿಸಿ, ಪಂಖ ಮತ್ತು ದೂರದರ್ಶನವನ್ನು ನಿಲ್ಲಿಸಿ, ತುಸು ನಿಧಾನವಾಗಿ ಮಾತನಾಡಿದಾಗ ಅವಳು ಹಿಂದಿನಂತೆಯೇ ಹರಟತೊಡಗಿದಳು. ಎರಡು ವರ್ಷ ಅವಳನ್ನು ತಪ್ಪಾಗಿ ತಿಳಿದಿದ್ದೆನಲ್ಲ ಎಂಬ ಸಂಕಟ ಆ ಸಂತೋಷದ ನಡುವೆಯೂ ನನ್ನನ್ನು ಬಿಡಲಿಲ್ಲ. ಶ್ರವಣ ಸಾಧನವನ್ನು ಅವಳು ಕೊಂಡಿದ್ದಳು, ಒಂದು ವಾರ ಹಾಕಿ, ಸದ್ದು ಕರ್ಕಶವೆನಿಸಿ ಪೆಟ್ಟಿಗೆಗೆ ಸೇರಿಸಿದ್ದಳು. ಮರೆತುಹೋದ ಸದ್ದುಗಳಿಗೆ ಮಿದುಳು ಮತ್ತೆ ಹೊಂದಿಕೊಳ್ಳಲು ಹಲವು ವಾರಗಳೇ ಬೇಕಾಗುತ್ತವೆ ಎಂದು ಹೇಳಿ, ನಾನಿದ್ದ ಐದು ದಿನವೂ ಅದನ್ನು ದಿನಕ್ಕೆ ಎರಡು ಗಂಟೆ ಹಾಕಿಕೊಳ್ಳುವಂತೆ ಮಾಡಿ ಬಂದೆ.

ಎರಡನೆಯ ಗೆಳತಿಗೆ ನೆನಪಿನ ಕಾಯಿಲೆ. ಅವಳ ಮಗಳು ಮೊದಲೇ ಎಚ್ಚರಿಸಿದ್ದಳು: “ದೊಡ್ಡಮ್ಮ, ಅಮ್ಮ ನಿಮ್ಮನ್ನು ಗುರುತು ಹಿಡಿಯದಿದ್ದರೆ ಬೇಸರ ಮಾಡಿಕೊಳ್ಳಬೇಡಿ.” ಗುರುತು ಹಿಡಿದಳು. ಆದರೆ ನಾನು ಯಾವಾಗ ಬಂದೆನೆಂದು ಆ ದಿನವೇ ನಾಲ್ಕು ಬಾರಿ ಕೇಳಿದಳು, ನಾಲ್ಕು ಬಾರಿಯೂ ನಾನು ಹೊಸದಾಗಿ ಉತ್ತರಿಸಿದೆ. ಇಂಥ ಕಾಯಿಲೆಯಲ್ಲಿ ಸಾಮಾನ್ಯವಾಗಿ ಇತ್ತೀಚಿನ ನೆನಪುಗಳು ಮೊದಲು ಅಳಿಸಿಹೋಗುತ್ತವೆ, ಎಳವೆಯವು ಬಹುಕಾಲ ಉಳಿಯುತ್ತವೆ. ಕಾಯಿಲೆಯಿಲ್ಲದವರಲ್ಲಿಯೂ ಸುಮಾರು 10ರಿಂದ 30 ವರ್ಷ ವಯಸ್ಸಿನ ನಡುವಿನ ಘಟನೆಗಳೇ ಮುಪ್ಪಿನಲ್ಲಿ ಹೆಚ್ಚಾಗಿ ನೆನಪಿಗೆ ಬರುತ್ತವೆಂದು ಮನಶ್ಶಾಸ್ತ್ರಜ್ಞರು ಗುರುತಿಸಿದ್ದಾರೆ. ಅವಳು ಮತ್ತು ನಾನು ಒಬ್ಬರನ್ನೊಬ್ಬರು ಬಲ್ಲದ್ದು ಸರಿಯಾಗಿ ಅದೇ ವರ್ಷಗಳಲ್ಲಿ. ಆದ್ದರಿಂದ ಬೆಳಿಗ್ಗೆ ಸ್ನಾನ ಮಾಡಿದ್ದು ನೆನಪಿಲ್ಲದ ಅವಳು ನಮ್ಮ ತರಗತಿಯಲ್ಲಿ ಯಾರು ಯಾವ ಬೆಂಚಿನಲ್ಲಿ ಕೂರುತ್ತಿದ್ದರೆಂಬುದನ್ನು ಸಾಲುಸಾಲಾಗಿ ಹೇಳಿದಳು. ಆ ಹೆಸರುಗಳನ್ನು ಕೇಳಿ “ಹೌದು, ಅವಳೇ” ಎನ್ನಬಲ್ಲವರು ಆ ಮನೆಯಲ್ಲಿ ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ. ನಾವಿಬ್ಬರೂ ಎದುರುಬದುರು ಕುಳಿತಿದ್ದ ಆ ಮಧ್ಯಾಹ್ನಗಳಲ್ಲಿ ಅವಳ ಮಗಳು ಹೊರಗೆ ಹೋಗಿ ಬಂದಳು, ಒಂದು ದಿನ ನಾಲ್ಕು ಗಂಟೆ ಬಾಗಿಲು ಹಾಕಿಕೊಂಡು ನಿದ್ದೆ ಮಾಡಿದಳು. ಇಂಥವರ ಮನೆಗೆ ಹೋಗುವವರು ಆರೈಕೆ ಮಾಡುತ್ತಿರುವವರಿಗೂ ಹೀಗೆ ಕೆಲವು ಗಂಟೆಗಳನ್ನು ಬಿಡಿಸಿಕೊಡಬೇಕೆಂದು ನಾನು ಬಲವಾಗಿ ನಂಬುತ್ತೇನೆ.

ಮೂರನೆಯ ಗೆಳತಿ ಆರೋಗ್ಯವಾಗಿದ್ದಾಳೆ. ಅಲ್ಲಿ ಎರಡು ದಿನ ನಕ್ಕು, ನಡೆದು, ಹಾಡಿ ಬಂದೆ. ಅಲ್ಲಿಂದ ಮರಳುವಾಗ ರೈಲಿನಲ್ಲಿ ತಲೆ ಸುತ್ತಿ ಕಣ್ಣು ಕತ್ತಲಿಟ್ಟಿತು. ಬೆಳಗಿನಿಂದ ಎರಡು ಲೋಟ ನೀರನ್ನೂ ಕುಡಿದಿರಲಿಲ್ಲ, ಏಕೆಂದರೆ ಬಾಯಾರಿಕೆಯೇ ಆಗಿರಲಿಲ್ಲ. ವಯಸ್ಸಾದಂತೆ ಬಾಯಾರಿಕೆಯ ಅರಿವು ಮಂದವಾಗುತ್ತದೆ, ಮೂತ್ರಪಿಂಡಗಳು ನೀರನ್ನು ಉಳಿಸಿಕೊಳ್ಳುವ ಶಕ್ತಿಯೂ ತಗ್ಗುತ್ತದೆ. ಬಿಸಿಲಿನಲ್ಲಿ ಪ್ರಯಾಣ ಮಾಡುವ ನನ್ನ ವಯಸ್ಸಿನವರು ಬಾಯಾರಿಕೆಯನ್ನು ನೆಚ್ಚದೆ ಗಡಿಯಾರ ನೋಡಿ ನೀರು ಕುಡಿಯುವುದು ಒಳ್ಳೆಯದು.

ಮಕ್ಕಳು ಬರುವ ಮೊದಲು ನಾನು ಮಾಡಿದ ಮುಖ್ಯ ಕೆಲಸ ಹಾಸಿಗೆಗಳದ್ದಲ್ಲ, ಮಾತ್ರೆಗಳದ್ದು. ವಾರದ ದಿನಗಳ ಹೆಸರಿರುವ ನನ್ನ ಮಾತ್ರೆಯ ಡಬ್ಬಿ ಬೆರಳಿನಿಂದ ಒತ್ತಿದರೆ ತೆರೆಯುತ್ತದೆ, ಅಂದರೆ ಎರಡು ವರ್ಷದ ಮಗುವೂ ಅದನ್ನು ತೆರೆಯಬಲ್ಲದು. ರಕ್ತದೊತ್ತಡದ ಒಂದೆರಡು ಮಾತ್ರೆಗಳೂ ಅಷ್ಟು ಚಿಕ್ಕ ದೇಹಕ್ಕೆ ಅಪಾಯಕಾರಿ. ಮೇಜಿನ ಮೇಲಿದ್ದ ಡಬ್ಬಿಯನ್ನೂ, ಕೈಚೀಲದಲ್ಲಿದ್ದ ಮಾತ್ರೆಗಳನ್ನೂ ಬೀಗವಿರುವ ಕಪಾಟಿನಲ್ಲಿಟ್ಟೆ. ಅಜ್ಜ ಅಜ್ಜಿಯರು ಕೈಚೀಲವನ್ನು ಮರೆಯುವುದೇ ಹೆಚ್ಚು.

ಎಲ್ಲರೂ ಬಂದ ಮೊದಲ ರಾತ್ರಿ ಊಟದ ಸಮಯದಲ್ಲಿ ನನಗೆ ಒಂದು ದಿಗಿಲಾಯಿತು. ಒಂಬತ್ತು ಮಂದಿ ಒಟ್ಟಿಗೆ ಮಾತನಾಡುತ್ತಿದ್ದರು, ಪಾತ್ರೆಗಳ ಸದ್ದಿತ್ತು, ಚಿಕ್ಕವರ ಧ್ವನಿಗಳು ಕೀಚಲಾಗಿದ್ದವು, ನಾನು ಎಲ್ಲದಕ್ಕೂ ತಲೆಯಾಡಿಸಿ ನಗುತ್ತಿದ್ದೆ. ನನ್ನ ಮೊದಲ ಗೆಳತಿ ಮಾಡುತ್ತಿದ್ದುದೂ ಇದನ್ನೇ. ಮರುದಿನ ಸೊಸೆಯನ್ನು ಕರೆದು ನನಗೂ ಕಿವಿ ಮಂದವಾಗುತ್ತಿರಬಹುದೆಂದು ಹೇಳಿಬಿಟ್ಟೆ. ಅವಳು ಆ ವಾರವೇ ನನ್ನನ್ನು ಪರೀಕ್ಷೆಗೆ ಕರೆದುಕೊಂಡು ಹೋದಳು. ಕೊರತೆ ಇದೆ, ಇನ್ನೂ ಅಲ್ಪ ಪ್ರಮಾಣದ್ದು. ಅಂದಿನಿಂದ ಪ್ರತಿದಿನ ಸಂಜೆ ಒಬ್ಬ ಮೊಮ್ಮಗು ನನ್ನ ಕೋಣೆಗೆ ಬಂದು ಎದುರಿಗೆ ಕುಳಿತುಕೊಳ್ಳುವ ಪದ್ಧತಿ ಇಟ್ಟುಕೊಂಡೆವು. ಗುಂಪಿನಲ್ಲಿ ಹತ್ತು ದಿನ ಕೇಳಿದರೂ ತಿಳಿಯದಿದ್ದ ಮಾತುಗಳು ಅಲ್ಲಿ ಅರ್ಧ ಗಂಟೆಯಲ್ಲಿ ತಿಳಿದವು. ಒಂಬತ್ತು ವರ್ಷದ ಮೊಮ್ಮಗಳು ಶಾಲೆಯಲ್ಲಿ ತನ್ನೊಡನೆ ಯಾರೂ ಆಡುವುದಿಲ್ಲವೆಂದು ಅಲ್ಲಿಯೇ ಮೊದಲ ಬಾರಿ ಬಾಯಿಬಿಟ್ಟಳು.

ಹದಿನಾರು ವರ್ಷದ ಮೊಮ್ಮಗನ ಸರದಿ ಮಾತ್ರ ಹೊಂದುತ್ತಿರಲಿಲ್ಲ. ಅವನು ಬೆಳಿಗ್ಗೆ ಹತ್ತಕ್ಕೆ ಏಳುವುದು, ಸಂಜೆ ಮಂಕಾಗಿರುವುದು ಅವನ ತಂದೆಗೆ ಸೋಮಾರಿತನವಾಗಿ ಕಾಣುತ್ತಿತ್ತು, ದಿನವೂ ಗದರಿಕೆ. ಹರೆಯದಲ್ಲಿ ನಿದ್ದೆ ತರಿಸುವ ಮೆಲಟೋನಿನ್ ರಾತ್ರಿ ತಡವಾಗಿ ಸ್ರವಿಸುತ್ತದೆ, ದೇಹದ ಗಡಿಯಾರ ಒಂದೆರಡು ಗಂಟೆ ಹಿಂದೆ ಬೀಳುತ್ತದೆ, ಆ ವಯಸ್ಸಿಗೆ 8ರಿಂದ 10 ಗಂಟೆಗಳ ನಿದ್ದೆಯೂ ಬೇಕು. ಮುಪ್ಪಿನಲ್ಲಿ ಆ ಗಡಿಯಾರ ಮುಂದಕ್ಕೆ ಓಡುತ್ತದೆ. ನನಗೆ ಒಂಬತ್ತಕ್ಕೆ ಕಣ್ಣು ಮುಚ್ಚುತ್ತದೆ, ನಾಲ್ಕೂವರೆಗೆ ಎಚ್ಚರ. ಇದನ್ನು ಮಗನಿಗೆ ವಿವರಿಸಿ ಗದರುವುದನ್ನು ನಿಲ್ಲಿಸುವಂತೆ ಕೇಳಿಕೊಂಡೆ, ಮತ್ತು ಮಧ್ಯಾಹ್ನ ಎರಡು ಗಂಟೆ ಕೋಣೆಯ ಬಾಗಿಲು ಮುಚ್ಚಿ ಮಲಗುತ್ತೇನೆ, ಯಾರೂ ಕರೆಯಬೇಡಿ ಎಂದು ಎಲ್ಲರಿಗೂ ಹೇಳಿದೆ. ಹಾಗೆ ಉಳಿಸಿಕೊಂಡ ಚೈತನ್ಯದಿಂದ ಮೂರು ರಾತ್ರಿ ಹನ್ನೊಂದರವರೆಗೆ ಎಚ್ಚರವಾಗಿದ್ದು ಅವನ ಎದುರು ಕುಳಿತೆ. ತಂದೆ ಬಯಸಿದ ವಿಷಯವನ್ನು ತಾನು ಓದಲಾರೆನೆಂದು ಅವನು ಎರಡನೆಯ ರಾತ್ರಿ ಹೇಳಿದ. ಮೂರನೆಯ ರಾತ್ರಿ, “ಅಜ್ಜಿ, ಅಪ್ಪನಿಗೆ ನಾನೇ ಹೇಳುತ್ತೇನೆ, ನೀವು ಪಕ್ಕದಲ್ಲಿರಿ” ಎಂದ. ಹೊರಡುವ ಹಿಂದಿನ ದಿನ ಅವನು ಹೇಳಿದ, ನಾನು ಪಕ್ಕದಲ್ಲಿದ್ದೆ.

ಮುಂದಿನ ತಿಂಗಳು ನನ್ನ ಮೊದಲ ಗೆಳತಿ ಇಲ್ಲಿಗೆ ಬರುತ್ತಿದ್ದಾಳೆ. ಈಗ ಶ್ರವಣ ಸಾಧನವನ್ನು ದಿನವಿಡೀ ಹಾಕಿಕೊಳ್ಳುತ್ತಿದ್ದೇನೆಂದು ಪತ್ರ ಬರೆದಿದ್ದಾಳೆ. ಬೀದಿಯ ಸದ್ದು ತಲುಪದ ಹಿಂದಿನ ಕೋಣೆಯನ್ನು ಅವಳಿಗಾಗಿ ಸಿದ್ಧಮಾಡಿ, ಇಬ್ಬರ ಮುಖದ ಮೇಲೂ ಪಕ್ಕದಿಂದ ಬೆಳಕು ಬೀಳುವಂತೆ ಎರಡು ಕುರ್ಚಿಗಳನ್ನು ಕಿಟಕಿಯ ಬಳಿ ಇಟ್ಟಿದ್ದೇನೆ.